ಬೀ ಮೀಜೆ ಕಂಡ ಚಂದ್ರ

ಐವತ್ತು ವರ್ಷ ಕಡಲಲ್ಲೇ ಕಾಲ ಹಾಕಿದ ಬೀ ಮೀಜೆಗೆ ಈಜು ಬರುವುದಿಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೆ ಅವಳೇನೂ ನಾಚುವವಳಲ್ಲ. "ಈಜೋದು ದಾರಿ ಗೊತ್ತಿಲ್ಲದೋರ ಕೆಲಸ. ನಂಗೆ ದಾರಿ ಗೊತ್ತು, ನಡ್ಕೊಂಡೇ ಹೋಗ್ತೀನಿ" ಎಂದು ಮೈಗೆ ಸುತ್ತಿದ ಕಾಂಗಾ ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾಳೆ. ಹೇಳುವುದರಲ್ಲಿ ಸುಳ್ಳಿಲ್ಲ. ಜಾಂಜಿಬಾರಿನ ಪೂರ್ವ ದಂಡೆಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿಗೆ ದೊಡ್ಡ ಇಳಿತ ಬಂದು, ನೀರು ಅರ್ಧ ಮೈಲಿ ಹಿಂದೆ ಸರಿದು, ಹವಳದ ದಿಬ್ಬ ಬೆನ್ನು ತೋರಿಸಿತೆಂದರೆ ಮಿಕೊಕೋನಿ ಊರಿನ ಹೆಂಗಸರೆಲ್ಲ ಕೋಲು ಹಿಡಿದು ಅಷ್ಟಪದಿಯ, ಅಂದರೆ ಎಂಟು ಕಾಲಿನ ಆಕ್ಟೋಪಸ್ಸಿನ, ಬೇಟೆಗೆ ಹೊರಡುತ್ತಾರೆ. ಬೀ ಮೀಜೆಯ ಬುಟ್ಟಿ ಬರಿದಾಗಿ ಮರಳಿದ್ದನ್ನು ಕಂಡವರಿಲ್ಲ. ದಿಬ್ಬದ ಮೇಲೆ ಅಜ್ಜಿ ತೋರಿಸಿಕೊಟ್ಟ ನಲವತ್ತೊಂದು ಬಿಲಗಳು ಅವಳವು. ಬೇರೊಬ್ಬಳ ಬಿಲಕ್ಕೆ ಕೋಲು ಹಾಕುವುದೂ ಬೇರೊಬ್ಬಳ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆಯುವುದೂ ಆ ಊರಿನಲ್ಲಿ ಒಂದೇ ದರ್ಜೆಯ ತಪ್ಪು.

ಕಾಲಿನ ಮೇಲೆ ಅವಳಿಗೆ ಹೆಮ್ಮೆ. ಅದಕ್ಕಿಂತ ಹೆಚ್ಚಿನ ಹೆಮ್ಮೆ ಕಣ್ಣಿನ ಮೇಲೆ. ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ ಹೊಸ ಚಂದ್ರ ಕಂಡೀತೋ ಇಲ್ಲವೋ ಎಂದು ಊರೆಲ್ಲ ಪಡುವಣಕ್ಕೆ ಕತ್ತು ಚಾಚಿ ನಿಂತಿರುವಾಗ, ಉಗುರಿನ ಚೂರಿನಷ್ಟು ಇರುವ ಅದನ್ನು ಮೊದಲು ಕೈ ಎತ್ತಿ ತೋರಿಸುತ್ತಿದ್ದವಳು ಅವಳೇ. ಹದಿಮೂರನೆಯ ವಯಸ್ಸಿನಿಂದ ಈ ಕೆಲಸ. ಮಸೀದಿಯ ಹಿರಿಯರೂ ಕನ್ನಡಕ ಒರೆಸಿಕೊಳ್ಳುತ್ತ "ಬೀ ಮೀಜೆಗೆ ಕಂಡಿತೇ?" ಎಂದು ಒಂದು ಮಾತು ಕೇಳಿಯೇ ತಿಂಗಳು ಸಾರುತ್ತಿದ್ದರು. ಚಂದ್ರ ಕಂಡ ಸಂಜೆಯಿಂದ ಕಡಲಿನ ಲೆಕ್ಕ ಶುರು. ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ನೀರು ತಳ ಮುಟ್ಟಿ ತಿರುಗಿದರೆ, ಎರಡನೆಯ ದಿನ ಹತ್ತೂಮುಕ್ಕಾಲಿಗೆ, ಮೂರನೆಯ ದಿನ ಹನ್ನೊಂದೂವರೆಗೆ. ಹೀಗೆ ದಿನಕ್ಕೆ ಮುಕ್ಕಾಲು ಗಂಟೆ ತಡ. ಗಡಿಯಾರದ ಗೊಡವೆಯಿಲ್ಲದ ಬೀ ಮೀಜೆ ಬೆರಳು ಮಡಿಸಿ, ಬಾಗಿಲ ನೆರಳು ನೋಡಿ, ಹೊರಟುಬಿಡುತ್ತಿದ್ದಳು.

ಊರಿನ ಎದುರಿಗೆ, ಕೂಗಿದರೆ ಅರ್ಧ ಕೇಳಿಸುವಷ್ಟು ದೂರದಲ್ಲಿ, ಕಿಜಿವೆ ಎಂಬ ಪುಟ್ಟ ದ್ವೀಪ. ಮೊದಲು ಅಲ್ಲಿದ್ದದ್ದು ಕಾಗೆಗಳು ಮತ್ತು ಏಡಿಗಳು. ಹನ್ನೆರಡು ವರ್ಷದ ಹಿಂದೆ ತೆಂಗಿನ ಗರಿ ಹೊದಿಸಿದ ಹತ್ತು ಗುಡಿಸಲು ಎದ್ದು ಅದು ರೆಸಾರ್ಟ್ ಆಯಿತು. ಮ್ಯಾನೇಜರ್ ಮಸಾವೆ ಒಳನಾಡಿನ ದೊಡ್ಡ ಬೆಟ್ಟದ ಬುಡದವನು. ದಕ್ಕೆಯ ಮೇಲೆ ನಿಂತು ಅಲೆ ನೋಡಿದರೂ ತಲೆ ಸುತ್ತಿ ಕಂಬ ಹಿಡಿದುಕೊಳ್ಳುವ ಈ ಪುಣ್ಯಾತ್ಮ ಕಡಲಿನ ವಿಷಯದಲ್ಲಿ ಯಾರನ್ನು ನಂಬಬೇಕೆಂದು ಮಾತ್ರ ಸರಿಯಾಗಿ ಆರಿಸಿಕೊಂಡ. ಇಳಿತದ ಹೊತ್ತಿಗೆ ಅತಿಥಿಗಳನ್ನು ದಿಬ್ಬದ ಮೇಲೆ ಸುತ್ತಾಡಿಸುವ ಕೆಲಸ ಬೀ ಮೀಜೆಯದು. ಅವಳ ಮಾತನ್ನು ಅತಿಥಿಗಳ ಭಾಷೆಗೆ ತಿರುಗಿಸುವ ಕೆಲಸ ಮಗಳು ಹಿದಾಯಳದು. ನಡಿಗೆ ಮುಗಿದ ಮೇಲೆ ಎಲ್ಲರನ್ನೂ ತುಂಬಿಕೊಂಡು ದಂಡೆಗೆ ತರುವ ದೋಣಿ ವುವಾಯಿಯದು.

ಈ ವುವಾಯಿ ಬೀ ಮೀಜೆಯ ಸೋದರಮಾವನ ಮಗ. ಅಂದರೆ ಅವರಿಬ್ಬರ ನಡುವೆ ಉತಾನಿ. ಉತಾನಿ ಇದ್ದವರು ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಹೇಗೆ ಬೇಕಾದರೂ ಕಾಲೆಳೆಯಬಹುದು, ಅನ್ನಿಸಿಕೊಂಡವರು ಮುಖ ಊದಿಸುವ ಹಾಗಿಲ್ಲ. ಎದುರಿನವರ ಯಾವುದಾದರೂ ವಸ್ತುವನ್ನು "ವಶ!" ಎಂದು ಕಿತ್ತುಕೊಂಡರೆ, ಕೇಳಿದ್ದನ್ನು ನಡೆಸಿಕೊಡುವ ತನಕ ಅದು ವಾಪಸು ಬರುವುದಿಲ್ಲ, ಊರಿಗೆ ಊರೇ ನಿಂತು ಕೇಳಿದರೂ ಬರುವುದಿಲ್ಲ. ಬೀ ಮೀಜೆಯ ಮದುವೆಯ ದಿನ ವುವಾಯಿ ಅವಳ ಎಡಗಾಲಿನ ಚಪ್ಪಲಿ ವಶ ಮಾಡಿಕೊಂಡು, ಮದುಮಗ ಮೂರು ಸಲ ಹುಂಜದ ಹಾಗೆ ಕೂಗುವವರೆಗೂ ಕೊಟ್ಟಿರಲಿಲ್ಲ. ಇಪ್ಪತ್ತೇಳು ವರ್ಷದ ಮೇಲೆ ಆ ಮದುಮಗ ತೀರಿಕೊಂಡಾಗ ವುವಾಯಿ ಅಗೆದ ಗೋರಿಗೆ ಇಳಿದು ಕಾಲು ಚಾಚಿ ಮಲಗಿ, "ಈ ಸಣಕಲನಿಗೆ ಇಷ್ಟು ಜಾಗ ಯಾಕೆ? ಅರ್ಧ ನಂಗಿರ್ಲಿ" ಎಂದು ಹಟ ಹಿಡಿದಿದ್ದ. ಸುದ್ದಿ ಮನೆಗೆ ಮುಟ್ಟಿದಾಗ ಬೆಳಗಿನಿಂದ ಬಾಯಿಗೆ ನೀರೂ ಹಾಕದೆ ಕೂತಿದ್ದ ಬೀ ಮೀಜೆ ಅಳುತ್ತಳುತ್ತಲೇ ನಕ್ಕುಬಿಟ್ಟಳು. ಆ ನಗು ಬರದೇ ಹೋಗಿದ್ದರೆ ತನ್ನ ಎದೆ ಒಡೆದೇ ಹೋಗುತ್ತಿತ್ತೆಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡದ್ದಿದೆ. ವುವಾಯಿಗೆ ಮಾತ್ರ ಹೇಳಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾನೆ.

ಬೆಳಿಗ್ಗೆ ದೋಣಿ ಹತ್ತುವಾಗ ಇಬ್ಬರ ಮಾತು ಹೀಗೆ ಶುರುವಾಗುತ್ತಿತ್ತು.

"ಬಾರೇ ಮುದುಕಿ, ನಿನ್ನ ಭಾರಕ್ಕೆ ದೋಣಿ ನಿನ್ನೇನೇ ಬಿರುಕು ಬಿಟ್ಟಿದೆ."

"ನಿನ್ನ ಹಲ್ಲಿನ ಸಂದಿಗಿಂತ ಚಿಕ್ಕ ಬಿರುಕು ತಾನೆ? ಮುಳುಗಲ್ಲ, ನಡಿ."

ಇದು ನಡೆದರೆ ದಿನ ಸರಿಯಾಗಿ ಹುಟ್ಟಿತು ಎಂದು ಲೆಕ್ಕ.

ಹೀಗಿರುವಾಗ ಬೀ ಮೀಜೆಯ ಕಣ್ಣಿಗೆ ಪೊರೆ ಬಂತು. ಒಂದು ದಿನ ಬಂದದ್ದಲ್ಲ, ಎರಡು ವರ್ಷ ಸದ್ದಿಲ್ಲದೆ ಬೆಳೆದದ್ದು. ಮೊದಲು ದೂರದ ಹಾಯಿಗಳು ಹೋದವು, ಆಮೇಲೆ ಜನರ ಮುಖಗಳು ಹೋದವು, ಕೊನೆಗೆ ಕೈಯಲ್ಲಿ ಹಿಡಿದ ಮೀನಿನ ಬಣ್ಣವೂ ಹೋಗಿ ಎಲ್ಲ ಅಕ್ಕಿ ತೊಳೆದ ನೀರಿನಲ್ಲಿ ಅದ್ದಿದಂತಾಯಿತು. ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಗೊತ್ತಾದರೆ ಹಿದಾಯ ಅವಳನ್ನು ದಿಬ್ಬದ ಮೇಲೆ ಕಾಲಿಡಲು ಬಿಡುವುದಿಲ್ಲ. ದಿಬ್ಬಕ್ಕೆ ಹೋಗದ ಬೀ ಮೀಜೆ ಅಂದರೆ ಯಾರು? ಅಂಗಳದಲ್ಲಿ ಕೂತು ಕೋಳಿ ಓಡಿಸುವ ಒಬ್ಬ ಮುದುಕಿ.

ಅದಕ್ಕೆ ಅವಳು ಒಂದೊಂದೇ ಉಪಾಯ ಕಂಡುಕೊಂಡಳು. ಜನರನ್ನು ಹೆಜ್ಜೆಯ ಸದ್ದಿನಿಂದ ಗುರುತು ಹಿಡಿದಳು. ಸೂಜಿಗೆ ದಾರ ಪೋಣಿಸು ಎಂದರೆ ಕೈ ಒದ್ದೆ ಎಂದಳು. ದಿಬ್ಬದ ಮೇಲಂತೂ ಕಾಲೇ ಕಣ್ಣು. ಇಲ್ಲಿ ಮರಳಿನ ಏಣು, ಇಲ್ಲಿ ಕಡಲ ಹುಲ್ಲು, ಇಲ್ಲಿ ಕಪ್ಪು ಮುಳ್ಳಿನ ಉಂಡೆಯಂಥ ಜೀವಿಗಳ ಕೇರಿ, ಇಲ್ಲಿ ದೊಡ್ಡ ಚಿಪ್ಪು ಬಾಯಿ ತೆರೆದು ಕೂತಿರುವ ಗುಂಡಿ ಎಂದು ಅಂಗಾಲು ಹೇಳಿಕೊಡುತ್ತಿತ್ತು. ತೊಂದರೆ ಬಂದದ್ದು ಅತಿಥಿಗಳಿಂದ. ಅವರು ಸುಮ್ಮನೆ ನಡೆಯುವ ಜನವಲ್ಲ. ಇದು ಏನು, ಅದು ಏನು ಎಂದು ತೋರಿಸಿ ತೋರಿಸಿ ಕೇಳುತ್ತಾರೆ. ಬೀ ಮೀಜೆ ಅದಕ್ಕೂ ದಾರಿ ಕಂಡುಕೊಂಡಳು.

"ನನ್ನ ಕೇಳಬೇಡಿ. ಕಣ್ಣಿಲ್ವಾ ನಿಮಗೆ? ಯಾವ ಬಣ್ಣ ಹೇಳಿ. ಪಟ್ಟೆ ಇದೆಯಾ, ಚುಕ್ಕಿ ಇದೆಯಾ? ಬಗ್ಗಿ ನೋಡಿ, ಸೊಂಟ ಮುರಿಯಲ್ಲ."

ಹಿದಾಯ ಇದನ್ನು ಸಾಕಷ್ಟು ಮರ್ಯಾದೆ ಬೆರೆಸಿ ಅವರ ಭಾಷೆಗೆ ಇಳಿಸುತ್ತಿದ್ದಳು. ಅತಿಥಿಗಳು ಮಂಡಿಯೂರಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ, "ಕಿತ್ತಳೆ ಬಣ್ಣ, ಬಿಳಿ ಪಟ್ಟೆ" ಎಂದರೆ ಬೀ ಮೀಜೆ ಗಂಭೀರವಾಗಿ, "ಹೂಂ. ಆ ಮೀನು ಮೆತ್ತನೆ ಹೂವಿನಂಥದ್ದರ ಒಳಗೇ ಮನೆ ಮಾಡಿರುತ್ತೆ. ಗಂಡಸು ಸಣ್ಣೋನು, ಮನೆಯ ಯಜಮಾನಿ ಹೆಣ್ಣು. ಬುದ್ಧಿವಂತ ಜಾತಿ" ಎನ್ನುತ್ತಿದ್ದಳು. ಅತಿಥಿಗಳಿಗೆ ಇದು ಬಲು ಹಿಡಿಸಿತು. ಬೇರೆ ಕಡೆ ಎಲ್ಲವನ್ನೂ ಹೇಳಿಬಿಡುತ್ತಾರೆ, ಈ ತಾಯಿ ನಮ್ಮಿಂದಲೇ ನೋಡಿಸುತ್ತಾಳೆ ಎಂದು ರೆಸಾರ್ಟಿನ ಪುಸ್ತಕದಲ್ಲಿ ಪುಟಗಟ್ಟಲೆ ಬರೆದರು. ಮಸಾವೆ ಅದನ್ನು ಓದಿ ಹಿಗ್ಗಿ, ಉಳಿದ ಕೆಲಸದವರನ್ನೂ ಕರೆದು ಇನ್ನು ಮೇಲೆ ಯಾರೂ ಅತಿಥಿಗಳಿಗೆ ಉತ್ತರ ಹೇಳಕೂಡದು, ಬೀ ಮೀಜೆಯ ಪದ್ಧತಿಯನ್ನೇ ಅನುಸರಿಸಬೇಕು ಎಂದು ಅಪ್ಪಣೆ ಮಾಡಿದ. ಒಂದು ವಾರ ಅಡಿಗೆಯವನೂ ಊಟಕ್ಕೆ ಏನಿದೆ ಎಂದು ಕೇಳಿದವರಿಗೆ "ನೀವೇ ನೋಡಿ ಹೇಳಿ" ಎನ್ನುತ್ತಿದ್ದನಂತೆ.

ಬೀ ಮೀಜೆಗೆ ತಾನು ಗೆದ್ದೆನೆಂದೇ ಅನ್ನಿಸಿತು. ಆದರೆ ಆ ವರ್ಷದ ಮಳೆ ಮುಗಿದ ಮೇಲೆ ಒಂದು ಸಂಗತಿ ನಡೆಯಿತು. ಅವಳ ಮನೆಯ ಜಗಲಿಯಲ್ಲಿ ಕೂತ ವುವಾಯಿಗೆ ಅವಳು ಶುಂಠಿ ಹಾಕಿದ ಕಾಫಿ ಮಾಡಿ ಕೊಟ್ಟಳು. ಅವನು ನಿಧಾನವಾಗಿ ಅಷ್ಟನ್ನೂ ಕುಡಿದು, ಲೋಟ ಕೆಳಗಿಟ್ಟು, "ಚೆನ್ನಾಗಿತ್ತು" ಎಂದು ಎದ್ದು ಹೋದ. ಪಾತ್ರೆಯಲ್ಲಿ ಉಳಿದದ್ದನ್ನು ಅವಳು ಬಾಯಿಗೆ ಹಾಕಿಕೊಂಡರೆ ಬರೀ ಉಪ್ಪು! ಸಕ್ಕರೆಯ ಡಬ್ಬಿ ಎಂದು ಉಪ್ಪಿನ ಡಬ್ಬಿಗೆ ಕೈ ಹಾಕಿದ್ದಳು. ಬೀ ಮೀಜೆ ಉಗಿದು, ಬಾಯಿ ಮುಕ್ಕಳಿಸಿ, ಜಗಲಿಗೆ ಬಂದು ಕುಸಿದು ಕೂತಳು. ಉಪ್ಪು ಹಾಕಿದ್ದರಿಂದ ಅಲ್ಲ. ಉಪ್ಪಿನ ಕಾಫಿ ಎಂದರೆ ವುವಾಯಿಗೆ ಒಂದು ತಿಂಗಳ ಮೇವು. ಊರ ಬಾವಿಕಟ್ಟೆಯಿಂದ ಹಿಡಿದು ರೆಸಾರ್ಟಿನ ಅಡಿಗೆಮನೆಯವರೆಗೂ ಅದನ್ನು ಹಾಡಬೇಕಾದವನು ಅವನು. ಅವನು ಚೆನ್ನಾಗಿತ್ತು ಅಂದನಲ್ಲ! ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಾರದೆ ಒಳಗೇ ಇಟ್ಟುಕೊಂಡಳು.

ಆಮೇಲೆ ಬಂದದ್ದು ಆ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ. ಕೆಲಸ ಮುಗಿಸಿದವರೆಲ್ಲ ಊರಿಗೆ ಮರಳುವ ದೋಣಿಗಾಗಿ ಕಿಜಿವೆಯ ದಕ್ಕೆಯ ಮೇಲೆ ಸೇರಿದ್ದರು. ಎದುರಿಗೆ ಊರಿನ ತೆಂಗಿನ ಸಾಲಿನ ಹಿಂದೆ ಸೂರ್ಯ ಇಳಿದಿದ್ದ. ಎಂದಿನಂತೆ ಎಲ್ಲರೂ ಬೀ ಮೀಜೆಯ ಕಡೆ ತಿರುಗಿದರು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಅಕ್ಕಿ ತೊಳೆದ ನೀರು, ಅದರಲ್ಲಿ ಸ್ವಲ್ಪ ಕೆಂಪು. ಆ ಕೆಂಪಿನ ನಡುವೆ ಒಂದು ಬೆಳ್ಳಗಿನ ಗೀರು ಹೊಳೆಯಿತು. ಹೊಳೆಯಿತೋ, ಹೊಳೆಯಲಿ ಎಂದು ಅವಳು ಬಯಸಿದಳೋ.

"ಅಗೋ! ದೊಡ್ಡ ತೆಂಗಿನ ಎಡಗಡೆ. ಕಂಡಿತಾ?"

ದಕ್ಕೆಯ ಹಲಗೆಗಳ ಮೇಲೆ ಕಾಲುಗಳು ಸರಿದಾಡಿದವು.

"ಕಂಡಿತು ಬೀ ಮೀಜೆ" ಎಂದ ತೋಟದವನು. "ಹೌದೌದು, ಅಲ್ಲೇ ಇದೆ" ಎಂದಳು ಬಟ್ಟೆ ಒಗೆಯುವವಳು. ಬೀ ಮೀಜೆ ವುವಾಯಿಯ ಕಡೆ ಕಿವಿ ಕೊಟ್ಟಳು. ಚಂದ್ರ ತೋರಿಸಿದಾಗಲೆಲ್ಲ, "ಅದು ಚಂದ್ರ ಅಲ್ಲ ಕಣೇ, ನಿನ್ನ ಉಗುರು ಕತ್ತರಿಸಿ ಬಿಸಾಕಿದ್ದು" ಎಂದು ಹತ್ತಾರು ವರ್ಷದಿಂದ ಒಂದೇ ತಮಾಷೆ ಮಾಡುತ್ತ ಬಂದವನು ಅವನು. ಎಲ್ಲರೂ ಅದಕ್ಕೆ ಇನ್ನೂ ನಗುತ್ತಿದ್ದರು.

"ಹೂಂ. ನಂಗೂ ಕಂಡಿತು" ಎಂದ ವುವಾಯಿ, ಮೆತ್ತಗೆ.

ಮರುದಿನದಿಂದ ಅವಳ ಬೆರಳಿನ ಲೆಕ್ಕ ಒಂದು, ಊರಿನ ಲೆಕ್ಕ ಇನ್ನೊಂದು. ಊರಿನವರು ಅವಳೆದುರು ಹೂಂ ಅಂದು ಬಂದು, ಮರುಸಂಜೆ ನಿಜವಾಗಿ ಮೂಡಿದ ಚಂದ್ರನನ್ನು ನೋಡಿ, ತಮ್ಮ ತಿಂಗಳನ್ನು ಅಲ್ಲಿಂದ ಎಣಿಸಿಕೊಂಡರು. ಅವಳಿಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳುವುದೆಂದರೆ ನಿನಗೆ ಚಂದ್ರ ಕಂಡಿದ್ದು ಸುಳ್ಳು ಎಂದ ಹಾಗೆ. ಅಷ್ಟು ಗಟ್ಟಿ ನಾಲಿಗೆ ಯಾರಿಗಿತ್ತು?

ಅತಿಥಿಗಳ ನಡಿಗೆ ಇದ್ದದ್ದು ಬೀ ಮೀಜೆಯ ಲೆಕ್ಕದಲ್ಲಿ ಮೂರನೆಯ ದಿನ, ಊರಿನ ಲೆಕ್ಕದಲ್ಲಿ ಎರಡನೆಯದು. ಬೆಳಿಗ್ಗೆ ಹಿದಾಯ ರೆಸಾರ್ಟಿನ ಗೋಡೆಗೆ ಹಚ್ಚಿದ ಇಳಿತದ ಪಟ್ಟಿಯನ್ನು ಎರಡು ಸಲ ನೋಡಿ ಬಂದಳು.

"ಅಮ್ಮಾ, ಪಟ್ಟೀಲಿ ಹತ್ತೂಮುಕ್ಕಾಲಿಗೆ ನೀರು ತಿರುಗುತ್ತೆ ಅಂತಿದೆ. ನೀನು ಹನ್ನೊಂದೂವರೆ ಅಂತೀಯ. ಒಂಚೂರು ಬೇಗ ಹೊರಡೋಣ್ವಾ?"

"ಪಟ್ಟಿಗೆ ಕಾಲಿದೆಯಾ? ಅದು ಯಾವತ್ತಾದ್ರೂ ದಿಬ್ಬದ ಮೇಲೆ ನಡೆದಿದೆಯಾ?"

"ಇಲ್ಲ, ಆದ್ರೂ..."

"ಹೋದ ವರ್ಷ ನಿಮ್ಮ ಪಟ್ಟಿ ಬೇರೆ ತಿಂಗಳದ್ದು ಹಚ್ಚಿದ್ರಲ್ಲ, ಆವಾಗ ಯಾರ ಮಾತು ನಿಜ ಆಯ್ತು?"

ಹಿದಾಯ ದಕ್ಕೆಯ ಕಡೆ ಬಿರಬಿರನೆ ನಡೆದಳು. ಅವಳ ಹೆಜ್ಜೆ ಹೋದ ದಿಕ್ಕು ಬೀ ಮೀಜೆಗೆ ಗೊತ್ತಾಯಿತು. ಯಾಕೆ ಹೋದಳೆಂದು ಗೊತ್ತಾಗಲಿಲ್ಲ.

ಆರು ಜನ ಅತಿಥಿಗಳನ್ನು ಕಟ್ಟಿಕೊಂಡು ಅವರು ದಿಬ್ಬಕ್ಕೆ ಇಳಿದಾಗ ಪಟ್ಟಿಯ ಪ್ರಕಾರ ನೀರು ತಳ ಮುಟ್ಟಿಯಾಗಿತ್ತು. ದಂಡೆಗೂ ದಿಬ್ಬಕ್ಕೂ ನಡುವೆ ಒಂದು ಮರಳಿನ ತಗ್ಗು. ಇಳಿತದಲ್ಲಿ ಅಲ್ಲಿ ಮೊಣಕಾಲುದ್ದ ನೀರು. ಉಬ್ಬರ ಬಂದರೆ ಮೊದಲು ತುಂಬುವುದು ಅದೇ. ದಾಟುವಾಗ ನೀರು ತೀರ ಕಡಿಮೆ ಇದ್ದದ್ದು ಕಂಡು ಬೀ ಮೀಜೆಗೆ ಖುಷಿಯಾಯಿತು. ತಳ ಮುಟ್ಟುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇರುವಾಗಲೇ ಇಷ್ಟು ಇಳಿದಿದೆ, ಇವತ್ತು ಹೊರ ಅಂಚಿನ ಬಿಲದವರೆಗೂ ಹೋಗಬಹುದು ಎಂದುಕೊಂಡಳು.

ನಡಿಗೆ ಸೊಗಸಾಗಿಯೇ ಸಾಗಿತು. ಐದು ಕೈಯ ನಕ್ಷತ್ರಮೀನನ್ನು ಎತ್ತಿ ಎಲ್ಲರ ಅಂಗೈ ಮೇಲೂ ಒಂದೊಂದು ಗಳಿಗೆ ಕೂರಿಸಿ ಮತ್ತೆ ನೀರಿಗೆ ಬಿಡಿಸಿದಳು. ಕಲ್ಲಿನ ಹಾಗೆ ಬಿದ್ದಿರುವ ವಿಷದ ಮೀನಿನ ಜಾಗದಲ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ತನ್ನ ಹೆಜ್ಜೆಯ ಮೇಲೆ ಹೆಜ್ಜೆ ಇಡಿಸಿದಳು. ಎತ್ತರದ ಅತಿಥಿಯೊಬ್ಬ ಸೌತೆಕಾಯಿಯಂಥ ಕಡಲ ಹುಳುವನ್ನು ಮುಟ್ಟಿ ಕಿರುಚಿದ್ದಕ್ಕೆ, "ಅದಕ್ಕೂ ನಿನ್ನ ಮುಟ್ಟಿ ಅಷ್ಟೇ ಅಸಹ್ಯ ಆಗಿರುತ್ತಪ್ಪ" ಎಂದಳು. ಹಿದಾಯ ಇದನ್ನು ಹೇಗೆ ಹೇಳಿದಳೋ, ಎಲ್ಲರೂ ನಕ್ಕರು. ಆದರೆ ಹಿದಾಯಳ ದನಿಯಲ್ಲಿ ಆವತ್ತು ನಗುವಿರಲಿಲ್ಲ.

ಹೊರ ಅಂಚಿನಲ್ಲಿ ಅಜ್ಜಿಯ ಮೊದಲ ಬಿಲ. ಬೀ ಮೀಜೆ ಕೋಲಿನ ತುದಿಯನ್ನು ಒಳಗೆ ಮೆಲ್ಲಗೆ ಆಡಿಸಿದಳು. ಒಳಗಿನಿಂದ ಯಾರೋ ಹಿಡಿದೆಳೆದಂತೆ ಕೋಲು ಬಿಗಿಯಿತು. "ಮನೇಲಿದ್ದಾನೆ" ಎಂದು ಅವಳು ಪಿಸುಗುಟ್ಟಿದಳು. ಅತಿಥಿಗಳು ಉಸಿರು ಬಿಗಿಹಿಡಿದರು. ಆಗ ಅವಳ ಕಣಕಾಲಿಗೆ ಕಡಲ ಹುಲ್ಲು ತಾಗಿತು. ಇಳಿತ ಇನ್ನೂ ನಡೆದಿದ್ದರೆ ಹುಲ್ಲು ಕಡಲಿನ ಕಡೆ ಬಾಗಿರಬೇಕು. ಅದು ದಂಡೆಯ ಕಡೆ ಬಾಗಿತ್ತು.

ಅವಳು ಕಾಲು ಎತ್ತಿ ಇನ್ನೊಂದು ಕಡೆ ಇಟ್ಟಳು. ಅಲ್ಲೂ ಅಷ್ಟೇ. ನಿಜ ಹೇಳಬೇಕೆಂದರೆ ಅರ್ಧ ದಾರಿಯಲ್ಲೇ ಅವಳ ಕಾಲು ಇದನ್ನು ಹೇಳಿತ್ತು. ಅವಳು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ನೀರು ತಿರುಗಿ ಬಹಳ ಹೊತ್ತಾಗಿದೆ. ಅಂದರೆ ಲೆಕ್ಕ ಒಂದು ದಿನ ಮುಂದಿದೆ. ಅಂದರೆ ಆ ಸಂಜೆ ಚಂದ್ರ ಇರಲಿಲ್ಲ.

ಕೋಲನ್ನು ಹಿಂದಕ್ಕೆಳೆದಳು. ಅಷ್ಟಪದಿ ಬಿಟ್ಟು ಒಳಗೆ ಸರಿಯಿತು.

"ಹಿದಾಯ, ಎಲ್ಲರಿಗೂ ತಿರುಗೋಕೆ ಹೇಳು. ನನ್ನ ಹಿಂದೇನೇ ಬರಲಿ. ಓಡಬಾರದು."

ತಗ್ಗಿನ ಹತ್ತಿರ ಬರುವಷ್ಟರಲ್ಲಿ ದಿಬ್ಬದ ಮೇಲೆಯೇ ನೀರು ಮೊಣಕಾಲು ದಾಟಿತ್ತು. ತಗ್ಗಿನಲ್ಲಿ ಎದೆಮಟ್ಟ ಇರಬೇಕು. ಅತಿಥಿಗಳಿಗೆ ಏನೂ ಗಾಬರಿಯಿಲ್ಲ. ಒಬ್ಬಳು ಆಗಲೇ ಟೋಪಿ ತೆಗೆದು ಈಜಲು ಸಿದ್ಧವಾಗಿದ್ದಳು. ಎಂಟು ಜನರಲ್ಲಿ ಈಜು ಬಾರದವಳು ದಾರಿ ತೋರಿಸಲು ಬಂದವಳು ಒಬ್ಬಳೇ. ಅಷ್ಟರಲ್ಲಿ ಹತ್ತಿರದಲ್ಲೇ ಹಾಯಿಯ ಪಟಪಟ ಸದ್ದು ಕೇಳಿತು. ಎರಡೂ ಬದಿಗೆ ರೆಕ್ಕೆಯಂತೆ ಮರದ ತೇಲುಗಳು ಚಾಚಿದ ವುವಾಯಿಯ ಹಳೆಯ ದೋಣಿ ತಗ್ಗಿನ ಅಂಚಿಗೆ ಬಂದು ನಿಂತಿತ್ತು. ಅವಳ ಲೆಕ್ಕದಂತೆ ವುವಾಯಿ ಬರಲು ಇನ್ನೂ ಬಹಳ ಹೊತ್ತಿತ್ತು. ಹಿದಾಯ ಬೆಳಿಗ್ಗೆ ದಕ್ಕೆಗೆ ಓಡಿದ್ದು ಯಾಕೆಂದು ಬೀ ಮೀಜೆಗೆ ಈಗ ಹೊಳೆಯಿತು.

ಅತಿಥಿಗಳು ಒಬ್ಬೊಬ್ಬರಾಗಿ ಹತ್ತಿದರು. ಹಿದಾಯಳೂ ಹತ್ತಿದಳು. ಸೊಂಟದ ಮಟ್ಟದ ನೀರಿನಲ್ಲಿ ನಿಂತ ಬೀ ಮೀಜೆ ಬೈಗುಳಕ್ಕೆ ಕಾದಳು. ಇಂಥ ಅವಕಾಶ ವುವಾಯಿಗೆ ಹುಟ್ಟಿದ ಮೇಲೆ ಸಿಕ್ಕಿರಲಿಲ್ಲ.

"ಬನ್ನಿ ಬೀ ಮೀಜೆ. ನಿಧಾನ. ನನ್ನ ಕೈ ಹಿಡ್ಕೊಳ್ಳಿ" ಎಂದ ವುವಾಯಿ.

ಬೀ ಮೀಜೆ ಅಲ್ಲಾಡಲಿಲ್ಲ.

"ಯಾರನ್ನೋ ಬನ್ನಿ ಅಂತ ಕರೀತಿದ್ದೀಯ? ನನ್ನ ಹಿಂದೆ ಇನ್ಯಾರಾದ್ರೂ ನಿಂತಿದಾರಾ?"

"ಇಲ್ಲ, ನಿಮ್ಮನ್ನೇ. ಹತ್ತಿ, ನೀರು ಏರ್ತಿದೆ."

"ಹತ್ತಲ್ಲ."

"ಅಮ್ಮಾ!" ಎಂದಳು ಹಿದಾಯ.

"ನೀನು ಸುಮ್ನಿರೇ. ಲೋ ವುವಾಯಿ, ನನ್ನ ಗಂಡನ ಗೋರೀಲಿ ಮಲಗಿ ಹಲ್ಲು ಕಿರಿದೋನು ನೀನು. ಸತ್ತೋರನ್ನೂ ಬಿಟ್ಟ ಬಾಯಲ್ಲ ನಿಂದು. ಉಪ್ಪಿನ ಕಾಫಿ ಕುಡಿದು ಚೆನ್ನಾಗಿತ್ತು ಅಂತೀಯ. ಇಲ್ಲದ ಚಂದ್ರನ್ನ ಕಂಡಿತು ಅಂತೀಯ. ಈಗ ಬನ್ನಿ, ಹತ್ತಿ! ನಾನೇನು ಸತ್ತೋರಿಗಿಂತ ಕಡೆ ಆಗಿಹೋದ್ನಾ? ನೀನು ಬಾಯಿ ಬಿಡೋ ತನಕ ನಾನು ಹತ್ತಲ್ಲ."

ಅತಿಥಿಗಳಿಗೆ ಒಂದಕ್ಷರವೂ ಅರ್ಥವಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಲ್ಲಿಯ ದೋಣಿ ಹತ್ತುವ ಮೊದಲು ಹೀಗೊಂದು ಶಾಸ್ತ್ರ ಇರಬಹುದೆಂದು ಎತ್ತರದವನು ಕ್ಯಾಮರಾ ತೆಗೆದ. ಒಂದು ಅಲೆ ಬಂದು ಬೀ ಮೀಜೆಯ ಎದೆಯವರೆಗೂ ನೆನೆಸಿತು.

ವುವಾಯಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. "ಏನಂತ ಬಾಯಿ ಬಿಡ್ಲೇ? ನಿನ್ನ ಕಣ್ಣು ಹೋಗಿದೆ ಅಂತ ತಮಾಷೆ ಮಾಡ್ಲಾ? ಎಷ್ಟು ಸಲ ನಾಲಿಗೆ ತುದಿಗೆ ಬಂತು ಗೊತ್ತಾ? ಆಡಿಬಿಟ್ರೆ ನಿಜ ಆಗೋಗುತ್ತೆ ಅಂತ ಹೆದರಿ ನುಂಗಿಕೊಂಡೆ. ಎರಡು ವರ್ಷ ಆಯ್ತು ನುಂಗ್ತಾ. ಹೊಟ್ಟೆ ಉಬ್ಬರಿಸಿ ಹೋಗಿದೆ ನಂಗೆ."

ಎರಡು ವರ್ಷ! ಹಾಗಾದರೆ ಮೊದಲಿನಿಂದಲೂ ಗೊತ್ತಿತ್ತು. ಬೀ ಮೀಜೆಗೆ ಅಳು ಬಂತು. ಅದನ್ನು ಹಲ್ಲು ಕಚ್ಚಿ ತಡೆದು,

"ಆಡು" ಎಂದಳು.

"ಆಡ್ಲಾ?"

"ಆಡೋ, ನೀರು ಕತ್ತಿಗೆ ಬರ್ತಿದೆ!"

"ಕುರುಡಿ!" ಎಂದು ವುವಾಯಿ ದೋಣಿಯಲ್ಲಿ ಎದ್ದು ನಿಂತು, ಎರಡು ವರ್ಷದ್ದನ್ನೆಲ್ಲ ಸೇರಿಸಿ ದಂಡೆಗೆ ಕೇಳುವಂತೆ ಕೂಗಿದ. "ಇಲ್ಲದ ಚಂದ್ರನ್ನ ಹುಟ್ಟಿಸಿ, ಇರೋ ಸಮುದ್ರದಲ್ಲಿ ಮುಳುಗೋಕೆ ಬಂದೋಳೇ! ಆಕಾಶಕ್ಕೆ ಒಂದು ಚಂದ್ರ ಸಾಲ್ದು ಅಂತ ಮನೇಲಿ ಮಾಡ್ಕೊಂಡು ತಂದಿದ್ದೀಯಾ? ಕಾಫಿಗೆ ಉಪ್ಪು ಹಾಕಿದೋಳು ಸಮುದ್ರಕ್ಕೆ ಸಕ್ಕರೆ ಹಾಕ್ಲಿಲ್ವಲ್ಲ, ಅದೇ ನಮ್ಮ ಪುಣ್ಯ! ಇವರಿಗೆಲ್ಲ ಈಜು ಬರುತ್ತೆ ಕಣೇ, ನಿಂಗೊಬ್ಳಿಗೇ ಬರಲ್ಲ, ದಾರಿ ತೋರಿಸೋಕೆ ಬಂದಿದ್ದಾಳೆ ದೊಡ್ಡ ಯಜಮಾನಿ!"

ಬೀ ಮೀಜೆ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ನಿಲ್ಲಿಸಲಾಗದಂತೆ, ಉಪ್ಪುನೀರು ಬಾಯಿಗೆ ಹೋಗುವಷ್ಟು. ಗೋರಿಯ ಸುದ್ದಿ ಕೇಳಿದ ದಿನ ನಕ್ಕ ಹಾಗೆಯೇ ಅಳುವೂ ಜೊತೆಗೆ ಬಂತು. ವುವಾಯಿ ಅವಳ ಎರಡೂ ರಟ್ಟೆ ಹಿಡಿದು ದೋಣಿಗೆ ಎಳೆದುಕೊಂಡ. ಎಳೆಯುವಾಗಲೇ ಅವಳ ಕೈಯಲ್ಲಿದ್ದ ಅಷ್ಟಪದಿಯ ಕೋಲು ಕಿತ್ತುಕೊಂಡ.

"ವಶ!" ಎಂದ.

ಅದು ಅವಳ ಅಜ್ಜಿಯ ಕೋಲು.

"ಕೊಡೋ" ಎಂದಳು ಬೀ ಮೀಜೆ.

"ಕೊಡಲ್ಲ. ಪಟ್ಟಣದ ಕಣ್ಣಿನ ಆಸ್ಪತ್ರೆಗೆ ಹೋಗಿ ಪೊರೆ ತೆಗೆಸ್ಕೊಂಡು ಬಾ. ಬಂದು ಇದೇ ದಕ್ಕೆ ಮೇಲೆ ನಿಂತು ಚಂದ್ರನ ಬಗ್ಗೆ ಒಂದೇ ಒಂದು ನಿಜ ಹೇಳು. ಆಮೇಲೆ ಕೋಲು."

ಮಗಳು ಹೇಳಿದ್ದರೆ ಬೀ ಮೀಜೆ ನೂರು ನೆಪ ಹೂಡುತ್ತಿದ್ದಳು. ಮ್ಯಾನೇಜರ್ ಹೇಳಿದ್ದರೆ ಕೆಲಸವನ್ನೇ ಬಿಟ್ಟು ಮನೆಗೆ ಹೋಗುತ್ತಿದ್ದಳು. ಉತಾನಿಯ ವಶಕ್ಕೆ ಮಾತ್ರ ಎದುರು ಮಾತಿಲ್ಲ. ಮೂರನೆಯ ದಿನವೇ ಅವಳು ಹಿದಾಯಳ ಜೊತೆ ಪಟ್ಟಣದ ಬಸ್ಸು ಹತ್ತಿದಳು.

ಬಲಗಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಅವಳು ಮರಳಿದಾಗ ವುವಾಯಿ ದೋಣಿಯ ಹತ್ತಿರ ಕಾದಿದ್ದ. ಬೀ ಮೀಜೆ ಕನ್ನಡಕ ಸರಿಸಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಅಯ್ಯೋ, ಇಷ್ಟೊಂದು ಮುದುಕ ಆಗಿಬಿಟ್ಟಿದ್ದೀಯಲ್ಲೋ! ಗೊತ್ತಿದ್ರೆ ಪೊರೆ ಹಾಗೇ ಇಟ್ಕೋತಿದ್ದೆ."

"ಬಾರೇ, ದೋಣಿ ಬಿರುಕು ಬಿಡಲಿ" ಎಂದ ವುವಾಯಿ. ಅವನ ಮುಖ ನಗುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಳು.

ಅದಾಗಿ ಎರಡು ವಾರಕ್ಕೆ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ ಬಂತು. ದಕ್ಕೆಯ ಮೇಲೆ ಎಲ್ಲರೂ ಸೇರಿದರು. ಮಸಾವೆಯೂ ಕಂಬ ಹಿಡಿದು ಬಂದು ನಿಂತ. ಬೀ ಮೀಜೆ ಪಡುವಣಕ್ಕೆ ನೋಡಿದಳು. ತೆಂಗಿನ ಗರಿಗಳು ಒಂದೊಂದಾಗಿ ಕಂಡವು. ಅವುಗಳ ಮೇಲೆ ತೆಳು ಕೆಂಪು, ಅದರ ಮೇಲೆ ತಿಳಿ ಹಸಿರು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಅಂಗುಲ ಅಂಗುಲವಾಗಿ ಆಕಾಶ ಹುಡುಕಿದಳು. ಆಮೇಲೆ ಏನೋ ಅನ್ನಿಸಿ ಹಿಂದಕ್ಕೆ ತಿರುಗಿದಳು.

ಯಾರೂ ಆಕಾಶ ನೋಡುತ್ತಿರಲಿಲ್ಲ. ತೋಟದವನು, ಬಟ್ಟೆ ಒಗೆಯುವವಳು, ಹಿದಾಯ, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಎಲ್ಲರ ತುಟಿಯ ಮೇಲೂ ಹೂಂ ಸಿದ್ಧವಾಗಿತ್ತು. ಅವಳು ಎಲ್ಲಿ ಕೈ ತೋರಿಸಿದರೆ ಅಲ್ಲಿ ಚಂದ್ರನನ್ನು ಕಾಣಲು ಅವರು ತಯಾರಾಗಿ ನಿಂತಿದ್ದರು. ಎಷ್ಟು ತಿಂಗಳಿಂದ ಹೀಗೆ ನಿಂತಿದ್ದರೋ. ಈ ಮುಖಗಳನ್ನು ಅವಳು ನೋಡಿರಲೇ ಇಲ್ಲ. ಬೀ ಮೀಜೆಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅವರೆಲ್ಲರ ಮೇಲೆ ಪ್ರೀತಿ ಉಕ್ಕಿ ಬಂತು.

"ಇಲ್ಲ" ಎಂದಳು. "ಇವತ್ತು ಚಂದ್ರ ಇಲ್ಲ."

ಕಣ್ಣಿಗೆ ಪೊರೆ ಬಂದಾಗಿನಿಂದ ಅವಳ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ವುವಾಯಿ ದೋಣಿಗೆ ಇಳಿದು, ಹಾಯಿಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕೋಲನ್ನು ತಂದು ಅವಳ ಕೈಯಲ್ಲಿಟ್ಟ. ತುದಿಗೆ ಎಣ್ಣೆ ಹಚ್ಚಿ ಉಜ್ಜಿದ್ದ. ಆಮೇಲೆ ಪಡುವಣಕ್ಕೆ ತಿರುಗಿ, ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು,

"ನಂಗೆ ಕಾಣಿಸ್ತಿದೆಯಲ್ಲೇ! ಅಗೋ, ದೊಡ್ಡ ತೆಂಗಿನ ಎಡಗಡೆ" ಎಂದ.

"ಹಾಗಾದ್ರೆ ನಾಳೆ ಪಟ್ಟಣದ ಬಸ್ಸು ನೀನು ಹತ್ತು" ಎಂದು ಬೀ ಮೀಜೆ ಕೋಲಿನ ತುದಿಯಿಂದ ಅವನನ್ನು ದೋಣಿಯ ಕಡೆ ತಿವಿದಳು.